ಆಪರೇಷನ್ ನೋವಿಗೆ ಓಪಿಯಾಯ್ಡ್ ಬೇಡ ಅನ್ನುವವರು ಯಾರನ್ನು ಹುಡುಕಬೇಕು, ಏನು ಕೇಳಬೇಕು

ಕೆಲವು ವರ್ಷಗಳ ಹಿಂದೆ ನ್ಯೂಜೆರ್ಸಿಯಲ್ಲಿ ನನ್ನ ಪಿತ್ತಕೋಶ ತೆಗೆದರು. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವಂಥ ಆಪರೇಷನ್. ಹೊರಡುವಾಗ ಕೈಗೆ ಬಂದದ್ದು ನೋವಿಗೆ ಅಂತ 30 ಆಕ್ಸಿಕೊಡೋನ್ ಮಾತ್ರೆ, ಅದೊಂದು ಓಪಿಯಾಯ್ಡ್. ನಾನು ನುಂಗಿದ್ದು ನಾಲ್ಕೇ ನಾಲ್ಕು. ಆ ನಾಲ್ಕಕ್ಕೇ ಎರಡು ದಿನ ವಾಂತಿ, ಐದು ದಿನ ಮಲಬದ್ಧತೆ. ಕೊಯ್ದ ಜಾಗದ ನೋವಿಗಿಂತ ವಾಂತಿ ಮಾಡುವಾಗ ಹೊಲಿಗೆ ಎಳೆದ ನೋವೇ ಜಾಸ್ತಿ ಇತ್ತು. ಉಳಿದ 26 ಮಾತ್ರೆ ಬಾತ್‌ರೂಮಿನ ಕಪಾಟಿನಲ್ಲಿ ಹಾಗೇ ಕೂತಿದ್ದವು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗ ಇದ್ದಾನೆ, ಅವನ ಸ್ನೇಹಿತರು ಬಂದು ಹೋಗುತ್ತಾರೆ ಅನ್ನೋದು ಆಗ ತಲೆಗೇ ಹೊಳೆದಿರಲಿಲ್ಲ.

ಆಮೇಲೆ ಭುಜದ ರೊಟೇಟರ್ ಕಫ್, ಅಂದರೆ ಕೀಲನ್ನು ಹಿಡಿದಿಡುವ ಸ್ನಾಯುರಜ್ಜು, ಹರಿಯಿತು. ಅದರ ಆಪರೇಷನ್ ನೋವು ಜಾಸ್ತಿ ಅಂತ ಎಲ್ಲರೂ ಹೆದರಿಸಿದರು. ಆ ಸಲ ಮಾತ್ರ ನಾನು ಮೊದಲೇ ಕೂತು ಹುಡುಕಿದೆ, ಫೋನ್ ಮಾಡಿದೆ, ಕೇಳಬಾರದ್ದನ್ನೂ ಕೇಳಿದೆ. ಅಮೆರಿಕದಲ್ಲಿರುವ ನಮ್ಮವರು ಆಗಾಗ ಇದರ ಬಗ್ಗೆ ಕೇಳುತ್ತಾರೆ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾತ್ರೆ, ಡೋಸು ಎಲ್ಲ ನಿಮ್ಮ ಡಾಕ್ಟರ್ ಹೇಳಿದ ಹಾಗೆ. ಆದರೆ ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು ಅನ್ನೋದನ್ನ ಡಾಕ್ಟರ್ ಹೇಳಿಕೊಡುವುದಿಲ್ಲ.

ಮೊದಲು ಹೆಸರುಗಳು ಗೊತ್ತಿರಲಿ

ಓಪಿಯಾಯ್ಡ್ ಅಂದರೆ ಅಫೀಮಿನ ಕುಟುಂಬ. ಮಾರ್ಫೀನ್, ಕೊಡೀನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್, ಹೈಡ್ರೊಮಾರ್ಫೋನ್, ಫೆಂಟನಿಲ್, ಟ್ರಾಮಡಾಲ್ ಎಲ್ಲ ಇದರಲ್ಲೇ ಬರುತ್ತವೆ. ಕೆಲವು ಗಿಡದ್ದು, ಕೆಲವು ಪೂರ್ತಿ ಲ್ಯಾಬಿನದ್ದು. ಗಿಡ ನಮಗೆ ಹೊಸದಲ್ಲ, ಗಸಗಸೆ ಗಿಡವೇ. ಗಸಗಸೆ ಪಾಯಸ ಕುಡಿದರೆ ಚೆನ್ನಾಗಿ ನಿದ್ದೆ ಅಂತ ಮನೆಗಳಲ್ಲಿ ತಮಾಷೆ ಮಾಡ್ತೀವಲ್ಲ. ತಮಾಷೆ ಬಿಡಿ, ಪಾಯಸ ಕುಡಿದ ಮೇಲೆ ಮೂತ್ರ ಪರೀಕ್ಷೆ ಕೊಟ್ಟರೆ ಮಾರ್ಫೀನ್ ಇದೆ ಅಂತ ಬಂದುಬಿಡಬಹುದು. ಅಂಥ ಪರೀಕ್ಷೆ ಇದ್ದರೆ ಆ ವಾರ ಪಾಯಸ ಬೇಡ.

ಅಂಗಡಿ ಹೆಸರುಗಳಲ್ಲಿ ಮೋಸ ಹೋಗೋದು ಸುಲಭ. ಪರ್ಕೊಸೆಟ್ ಅಂದರೆ ಆಕ್ಸಿಕೊಡೋನ್ ಜೊತೆ ಅಸೆಟಮಿನೋಫೆನ್. ನಾರ್ಕೊ ಅಂದರೆ ಹೈಡ್ರೊಕೊಡೋನ್ ಜೊತೆ ಅದೇ. ಅಸೆಟಮಿನೋಫೆನ್ ಅಂದರೆ ಟೈಲೆನಾಲ್, ಅಂದರೆ ಪ್ಯಾರಾಸಿಟಮಾಲ್, ಅಂದರೆ ನಮ್ಮ ಡೋಲೊ. ನಾಲ್ಕೂ ಒಂದೇ. ಪರ್ಕೊಸೆಟ್ ನುಂಗಿ, ಮೇಲೊಂದು ಟೈಲೆನಾಲ್ ನುಂಗಿ, ಊರಿಂದ ತಂದ ಡೋಲೊ 650 ಕೂಡ ನುಂಗಿದರೆ ಹೊಡೆತ ಲಿವರ್‌ಗೆ.

ನಮ್ಮ ಅಮ್ಮ ಮೈಸೂರಿಂದ ಬಂದಾಗ ಮಾತ್ರೆ ಡಬ್ಬಿಯಲ್ಲಿ ಅಲ್ಟ್ರಾಸೆಟ್ ಇತ್ತು. "ಇದೇನಮ್ಮ?" ಅಂದೆ. "ಮಂಡಿ ನೋವಿನ ಮಾತ್ರೆ ಕಣೋ, ಸಾಧಾರಣದ್ದು" ಅಂದರು. ಅದರಲ್ಲಿರೋದು ಟ್ರಾಮಡಾಲ್ ಮತ್ತು ಪ್ಯಾರಾಸಿಟಮಾಲ್. ಅಂದರೆ ಅಮ್ಮನೂ ಓಪಿಯಾಯ್ಡ್ ನುಂಗುತ್ತಿದ್ದರು, ಗೊತ್ತಿಲ್ಲದೆ. ಅಪ್ಪ ಅಮ್ಮನಿಗೆ ಇಲ್ಲಿ ಆಪರೇಷನ್ ಆಗೋದಾದರೆ ಆ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ತೋರಿಸಿ. ಜೆರೊಡಾಲ್-ಪಿ, ಕಾಂಬಿಫ್ಲಾಮ್, ವೊವೆರಾನ್ ಅನ್ನುವ ಹೆಸರುಗಳು ಇಲ್ಲಿನ ನರ್ಸ್‌ಗೆ ಗೊತ್ತಿರೋದಿಲ್ಲ. ಚೀಟಿಯಲ್ಲಿ ಒಳಗಿನ ಔಷಧದ ಹೆಸರು ಬರೆದುಕೊಂಡು ಹೋಗಿ.

ಪೂರ್ತಿ ಬೇಡವೋ, ಆದಷ್ಟು ಕಡಿಮೆ ಸಾಕೋ

ಇದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಿ. ಎರಡೂ ಬೇರೆ ಬೇರೆ ಕೋರಿಕೆ. ಆಸ್ಪತ್ರೆಯವರು "ಓಪಿಯಾಯ್ಡ್ ಕಡಿಮೆ ಬಳಸುತ್ತೇವೆ" ಅನ್ನುವುದಕ್ಕೂ "ಓಪಿಯಾಯ್ಡ್ ಇಲ್ಲದೆ ಮಾಡುತ್ತೇವೆ" ಅನ್ನುವುದಕ್ಕೂ ಬಹಳ ಅಂತರ ಇದೆ.

ನನ್ನಂಥವರಿಗೆ ಕಡಿಮೆ ಆದರೆ ಸಾಕು. ವಾಂತಿ, ಮಲಬದ್ಧತೆ, ಮಂಕು ತಪ್ಪಿದರೆ ಸರಿ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವವರು, ಅಂದರೆ ಸ್ಲೀಪ್ ಆಪ್ನಿಯ ಇರುವವರು, ವಯಸ್ಸಾದವರು, ನಿದ್ದೆ ಮಾತ್ರೆ ತಗೊಳ್ಳುವವರು ಇನ್ನೂ ಹುಷಾರಾಗಿರಬೇಕು, ಯಾಕಂದರೆ ಓಪಿಯಾಯ್ಡ್ ಉಸಿರಾಟವನ್ನೇ ನಿಧಾನ ಮಾಡುತ್ತದೆ. ಗೊರಕೆ ಹೊಡೆಯುತ್ತೇನೆ ಅಂತ ಹೇಳೋಕೆ ನಾಚಿಕೊಳ್ಳಬೇಡಿ. ನೀವು ಹೇಳದಿದ್ದರೆ ಹೆಂಡತಿ ಹೇಳಲಿ.

ಹಿಂದೆ ಚಟಕ್ಕೆ ಬಿದ್ದು ಹೊರಬಂದವರ ವಿಷಯ ಪೂರ್ತಿ ಬೇರೆ. ಅವರಿಗೆ ಒಂದು ಬಾಟಲಿ ಮನೆಗೆ ಬರೋದೇ ಅಪಾಯ. ಅಂಥವರು ಸರ್ಜನ್ ಜೊತೆ ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲಿ ಇದನ್ನು ಮುಚ್ಚಿಡೋದೇ ಜಾಸ್ತಿ ಅಲ್ವಾ, ಅಸೋಸಿಯೇಷನ್ನಿನಲ್ಲಿ ಯಾರಿಗಾದರೂ ಗೊತ್ತಾದರೆ ಅಂತ. ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಚಟ ಬಿಡಿಸೋದಕ್ಕೆ ಕೊಡುವ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಮೇಲಿದ್ದರೆ ನೀವಾಗೇ ನಿಲ್ಲಿಸಬೇಡಿ. ನಾಲ್ಟ್ರೆಕ್ಸೋನ್ ಮೇಲಿದ್ದರೆ ಆಪರೇಷನ್ನಿಗೆ ಬಹಳ ಮುಂಚೆಯೇ ಹೇಳಬೇಕು, ಅದು ಓಪಿಯಾಯ್ಡನ್ನೇ ತಡೆಯುವ ಔಷಧ. ಅದನ್ನು ಯಾವಾಗ ನಿಲ್ಲಿಸಬೇಕು ಅನ್ನೋದು ಕೊಟ್ಟ ಡಾಕ್ಟರ್ ಮತ್ತು ಸರ್ಜರಿ ತಂಡ ಸೇರಿ ಹೇಳಬೇಕಾದ ಮಾತು.

"ನಾಲ್ಕು ಮಾತ್ರೆಗೆಲ್ಲ ಇಷ್ಟು ಭಯಾನಾ?" ಅಂತ ಕೇಳುವವರಿಗೆ ಒಂದು ಅಂಕಿ. ಮಿಷಿಗನ್ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದವರೆಲ್ಲ ಅದಕ್ಕೆ ಮುಂಚೆ ಓಪಿಯಾಯ್ಡ್ ಬಳಸದವರು. ಆಪರೇಷನ್ ಆಗಿ ಮೂರು ತಿಂಗಳು ಕಳೆದ ಮೇಲೂ ನೂರರಲ್ಲಿ ಸುಮಾರು ಆರು ಜನ ಇನ್ನೂ ಓಪಿಯಾಯ್ಡ್ ಚೀಟಿ ತುಂಬಿಸಿಕೊಳ್ಳುತ್ತಿದ್ದರು. ಚಿಕ್ಕ ಆಪರೇಷನ್, ದೊಡ್ಡ ಆಪರೇಷನ್ ಅನ್ನುವ ವ್ಯತ್ಯಾಸವೂ ಹೆಚ್ಚು ಇರಲಿಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಕೊನೆಯ ಮಾತು.

ಹಾಗಂತ ಓಪಿಯಾಯ್ಡ್ ಅಂದರೆ ವಿಷ ಅಂತ ಊರಲ್ಲಿ ಕ್ಯಾನ್ಸರ್ ನೋವಿನಲ್ಲಿರುವ ದೊಡ್ಡಪ್ಪನಿಗೆ ಮಾರ್ಫೀನ್ ಬೇಡ ಅಂತ ಫೋನಿನಲ್ಲಿ ಉಪದೇಶ ಮಾಡಬೇಡಿ. ಭಾರತದ ಕಷ್ಟ ಇದಕ್ಕೆ ತಿರುಗುಮುರುಗು. ಅಲ್ಲಿ ಬೇಕಾದವರಿಗೆ ಮಾರ್ಫೀನ್ ಸಿಗೋದೇ ಕಷ್ಟ.

ನಿಮ್ಮ ಆಪರೇಷನ್ನಿಗೆ ಯಾವ ದಾರಿ ಇದೆ

ಇಲ್ಲಿ ಸ್ವಲ್ಪ ಓದಿಕೊಂಡು ಹೋದರೆ ಡಾಕ್ಟರ್ ಜೊತೆ ಮಾತು ಬೇರೆ ಮಟ್ಟಕ್ಕೆ ಹೋಗುತ್ತದೆ. ಓಪಿಯಾಯ್ಡ್ ಬದಲಿಗೆ ಒಂದೇ ಒಂದು ಪವಾಡದ ಔಷಧ ಇಲ್ಲ. ನೋವನ್ನು ಮೂರು ನಾಲ್ಕು ಕಡೆಯಿಂದ ಸುತ್ತುವರಿಯುತ್ತಾರೆ. ಮಲ್ಟಿಮೋಡಲ್ ಅನ್ನುತ್ತಾರೆ ಇದನ್ನು.

ಮುಖ್ಯ ಅಸ್ತ್ರ ನರ್ವ್ ಬ್ಲಾಕ್. ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಆ ಭಾಗಕ್ಕೆ ಹೋಗುವ ನರದ ಸುತ್ತ ಮರಗಟ್ಟಿಸುವ ಔಷಧ ಬಿಡುತ್ತಾರೆ. ಹಲ್ಲಿನ ಡಾಕ್ಟರ್ ದವಡೆ ಜೋಮು ಹಿಡಿಸುತ್ತಾರಲ್ಲ, ಅದರ ದೊಡ್ಡಣ್ಣ. ಭುಜಕ್ಕೆ ಕುತ್ತಿಗೆಯ ಬುಡದಲ್ಲಿ ಕೊಡುವುದು ಇಂಟರ್‌ಸ್ಕೇಲೀನ್ ಬ್ಲಾಕ್. ಮಂಡಿ ಬದಲಾವಣೆಗೆ ತೊಡೆಯ ಒಳಭಾಗದಲ್ಲಿ ಕೊಡುವುದು ಅಡಕ್ಟರ್ ಕೆನಾಲ್ ಬ್ಲಾಕ್. ಅದರ ಗುಣ ಏನಂದರೆ ತೊಡೆಯ ಶಕ್ತಿ ಹೆಚ್ಚು ಕುಂದುವುದಿಲ್ಲ, ಅದೇ ದಿನ ಎದ್ದು ನಾಲ್ಕು ಹೆಜ್ಜೆ ಇಡಬಹುದು. ಹೊಟ್ಟೆಗೆ ಟ್ಯಾಪ್ ಬ್ಲಾಕ್. ಎದೆ, ಬೆನ್ನಿನ ಆಪರೇಷನ್ನಿಗೆ ಎರೆಕ್ಟರ್ ಸ್ಪೈನೀ ಬ್ಲಾಕ್, ಇದು 2016ರಲ್ಲಿ ಬಂದದ್ದು, ಇನ್ನೂ ಹೊಸದೇ.

ಒಂದು ಸಲ ಕೊಟ್ಟ ಬ್ಲಾಕ್ ಅರ್ಧ ದಿನದಿಂದ ಒಂದು ದಿನದವರೆಗೆ ಕೆಲಸ ಮಾಡುತ್ತದೆ. ನೋವು ಅದಕ್ಕಿಂತ ಹೆಚ್ಚು ದಿನ ಇರುವಂಥದ್ದಾದರೆ ಸಣ್ಣ ಕೊಳವೆ ಇಟ್ಟು, ಔಷಧ ತುಂಬಿದ ಪುಟ್ಟ ಪಂಪು ಕಟ್ಟಿ ಮನೆಗೆ ಕಳಿಸುತ್ತಾರೆ, ಎರಡು ಮೂರು ದಿನ ಬರುತ್ತದೆ. ಎಕ್ಸ್‌ಪಾರೆಲ್ ಅಂತ ಇನ್ನೊಂದಿದೆ, ಮರಗಟ್ಟಿಸುವ ಔಷಧವನ್ನು ಕೊಬ್ಬಿನ ಗುಳ್ಳೆಗಳಲ್ಲಿ ಇಟ್ಟು ನಿಧಾನವಾಗಿ ಬಿಡುವಂಥದ್ದು, 2011ರಿಂದ ಇದೆ. ಬ್ರೋಷರುಗಳಲ್ಲಿ ಇದರದ್ದೇ ಮೆರವಣಿಗೆ. ಅದೇ ಮರಗಟ್ಟಿಸುವ ಔಷಧದ ಸಾಧಾರಣ ರೂಪವಾದ ಬುಪಿವಕೇನ್‌ಗಿಂತ ಇದು ನಿಜಕ್ಕೂ ಎಷ್ಟು ಮೇಲು ಅನ್ನುವುದರ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಅದೊಂದು ಹೆಸರು ನೋಡಿ ಆಸ್ಪತ್ರೆ ಆರಿಸಬೇಡಿ.

ಬ್ಲಾಕ್ ಜೊತೆಗೆ ಅಸೆಟಮಿನೋಫೆನ್, ಐಬುಪ್ರೊಫೆನ್ ಅಥವಾ ಸೆಲೆಕಾಕ್ಸಿಬ್. ಆಸ್ಪತ್ರೆಯಲ್ಲಿ ಕೆಟೊರೊಲ್ಯಾಕ್, ಅದನ್ನು ಐದು ದಿನಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. ಕೆಲವು ಕಡೆ ಆಪರೇಷನ್ ನಡೆಯುವಾಗ ಸಣ್ಣ ಪ್ರಮಾಣದಲ್ಲಿ ಕೆಟಮೀನ್, ಲಿಡೊಕೇನ್, ಡೆಕ್ಸ್‌ಮೆಡೆಟೊಮಿಡೀನ್. ನರದ ನೋವಿಗೆ ಬಳಸುವ ಗ್ಯಾಬಪೆಂಟಿನ್ ಕೊಡುತ್ತೇವೆ ಅಂದರೆ ಮಾತ್ರ ಒಂದು ಸಲ ಪ್ರಶ್ನೆ ಕೇಳಿ. ವಯಸ್ಸಾದವರಲ್ಲಿ, ಶ್ವಾಸಕೋಶದ ತೊಂದರೆ ಇರುವವರಲ್ಲಿ ಉಸಿರಾಟ ಕುಗ್ಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಎಚ್ಚರಿಸಿದೆ.

ಸಿಸೇರಿಯನ್ ಆಗುವವರಿಗೆ ಒಂದು ಮಾತು. ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್‌ನಲ್ಲಿ ಸಾಮಾನ್ಯವಾಗಿ ಚೂರು ಮಾರ್ಫೀನ್ ಸೇರಿಸುತ್ತಾರೆ. ಅದು ಓಪಿಯಾಯ್ಡೇ, ಆದರೆ ಆ ಚೂರಿನಿಂದ ಮುಂದೆ ಮಾತ್ರೆ ಬೇಕಾಗೋದು ಬಹಳ ಕಡಿಮೆ ಆಗುತ್ತದೆ. "ಓಪಿಯಾಯ್ಡ್ ಬೇಡವೇ ಬೇಡ" ಅಂತ ಹಟ ಹಿಡಿಯುವ ಮುಂಚೆ ಈ ಲೆಕ್ಕ ಕೇಳಿ ತಿಳಿದುಕೊಳ್ಳಿ.

ಹುಡುಕಾಟ ಶುರು: ಸರ್ಜನ್ ಅರ್ಧ ಮಾತ್ರ

ನಾನು ಮಾಡಿದ ತಪ್ಪು ಇದೇ. ಸರ್ಜನ್ನಿನ ರೇಟಿಂಗ್ ನೋಡಿದೆ, ಎಷ್ಟು ಭುಜ ಮಾಡಿದ್ದಾರೆ ನೋಡಿದೆ, ಫೋಟೋ ಕೂಡ ನೋಡಿದೆ. ಬ್ಲಾಕ್ ಕೊಡುವವರು ಅವರಲ್ಲ! ಕೊಡೋದು ಅರಿವಳಿಕೆ ತಜ್ಞರು, ಅಂದರೆ ಅನಸ್ತೇಷಿಯಾ ಡಾಕ್ಟರ್. ಅವರ ಮುಖ ನೀವು ನೋಡೋದು ಆಪರೇಷನ್ ದಿನ ಬೆಳಗ್ಗೆ, ಗೌನ್ ಹಾಕಿಕೊಂಡು ಚಳಿಗೆ ನಡುಗುತ್ತಾ ಮಲಗಿದ್ದಾಗ. ಆಗ ಏನು ಕೇಳೋಕಾಗುತ್ತೆ? ಹಾಗಾಗಿ ಅವರನ್ನು ಮುಂಚೆಯೇ ತಲುಪಬೇಕು. ಅದಕ್ಕೆ ನಾಲ್ಕು ವಾರ ಮುಂಚೆ ಶುರುಮಾಡಿದರೆ ಒಳ್ಳೆಯದು, ಎರಡು ವಾರ ಇದ್ದರೂ ನಡೆಯುತ್ತೆ.

ಮೊದಲ ಫೋನ್ ಸರ್ಜನ್ ಆಫೀಸಿಗೆ. ಫೋನ್ ಎತ್ತುವ ಹುಡುಗಿಗೆ ಏನೂ ಗೊತ್ತಿರೋದಿಲ್ಲ, ಅವಳ ತಪ್ಪಲ್ಲ. ಸರ್ಜರಿ ಕೋಆರ್ಡಿನೇಟರ್ ಅಥವಾ ಸರ್ಜನ್ನಿನ ಫಿಸಿಷಿಯನ್ ಅಸಿಸ್ಟೆಂಟ್ ಬೇಕು ಅನ್ನಿ. ಅವರನ್ನು ಮೂರು ವಿಷಯ ಕೇಳಿ: ಆಪರೇಷನ್ ಯಾವ ಜಾಗದಲ್ಲಿ, ಅಲ್ಲಿನ ಅನಸ್ತೇಷಿಯಾ ಗುಂಪು ಯಾವುದು, ನನ್ನ ಆಪರೇಷನ್ನಿಗೆ ಅವರು ಸಾಮಾನ್ಯವಾಗಿ ಬ್ಲಾಕ್ ಕೊಡುತ್ತಾರಾ. ಒಬ್ಬನೇ ಸರ್ಜನ್ ಸೋಮವಾರ ದೊಡ್ಡ ಆಸ್ಪತ್ರೆಯಲ್ಲಿ, ಗುರುವಾರ ಚಿಕ್ಕ ಸರ್ಜರಿ ಸೆಂಟರಿನಲ್ಲಿ ಮಾಡುತ್ತಿರಬಹುದು. ಎರಡು ಕಡೆಯ ಅನಸ್ತೇಷಿಯಾ ತಂಡ ಬೇರೆ ಬೇರೆ. ಗುರುವಾರ ಬೇಕಾ ಸೋಮವಾರ ಬೇಕಾ ಅನ್ನುವುದರ ಮೇಲೆ ನಿಮ್ಮ ನೋವು ನಿಂತಿರುತ್ತದೆ.

ಎರಡನೇ ಫೋನ್ ಆಸ್ಪತ್ರೆಯ ಪ್ರೀ-ಅಡ್ಮಿಷನ್ ಟೆಸ್ಟಿಂಗ್ ವಿಭಾಗಕ್ಕೆ. ರಕ್ತ ಪರೀಕ್ಷೆ, ಇಸಿಜಿ ಎಲ್ಲ ನೋಡುವವರು ಅವರು. ಅಲ್ಲಿ "ಆಪರೇಷನ್ನಿಗೆ ಮುಂಚೆ ಅನಸ್ತೇಷಿಯಾ ಡಾಕ್ಟರ್ ಜೊತೆ ಮಾತಾಡಬೇಕು" ಅನ್ನಿ. ಹೀಗೆ ಕೇಳಬಹುದು ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ. ನನಗೆ ಫೋನಿನಲ್ಲಿ ಹತ್ತು ನಿಮಿಷ ಸಿಕ್ಕಿತು, ಅದರಲ್ಲೇ ಎಲ್ಲ ಇತ್ಯರ್ಥವಾಯಿತು.

ಜಾಗ ಆರಿಸುವಾಗ ಮೂರು ಗುರುತು ನೋಡಿ. ಒಂದು, ಅಲ್ಲಿ ಅಕ್ಯೂಟ್ ಪೇನ್ ಸರ್ವಿಸ್ ಅನ್ನುವ ತಂಡ ಇದೆಯಾ. ಇದ್ದರೆ ಆಪರೇಷನ್ ಮುಗಿದ ಮೇಲೂ ನೋವಿನ ಬಗ್ಗೆ ಕೇಳೋಕೆ ಜನ ಇದ್ದಾರೆ ಅಂತ ಅರ್ಥ. ಎರಡು, ರೀಜನಲ್ ಅನಸ್ತೇಷಿಯಾದಲ್ಲಿ, ಅಂದರೆ ಈ ಬ್ಲಾಕ್‌ಗಳಲ್ಲಿ, ವಿಶೇಷ ತರಬೇತಿ (ಫೆಲೋಶಿಪ್) ಮಾಡಿದವರು ಇದ್ದಾರಾ. ಬ್ಲಾಕ್ ಅನ್ನುವುದು ಕೈಯ ಪಳಗಿಕೆ. ದಿನಾ ಹತ್ತು ಕೊಡುವವರಿಗೂ ತಿಂಗಳಿಗೆ ಎರಡು ಕೊಡುವವರಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಮೂರು, ಈರಾಸ್ ಪದ್ಧತಿ ಅನುಸರಿಸುತ್ತಾರಾ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಶುರುಮಾಡಿದ ಕೆಲಸದಿಂದ ಬೆಳೆದದ್ದು ಇದು. ರೋಗಿಯನ್ನು ಬೇಗ ಊಟಕ್ಕೆ, ಬೇಗ ನಡಿಗೆಗೆ ತರೋದು, ಓಪಿಯಾಯ್ಡ್ ಆದಷ್ಟು ತಗ್ಗಿಸೋದು ಇದರ ತಿರುಳು. ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಈ ಮೂರೂ ಸಿಗುವ ಸಾಧ್ಯತೆ ಜಾಸ್ತಿ, ಆದರೆ ಮೂಳೆ ಆಪರೇಷನ್ ಮಾತ್ರ ಮಾಡುವ ಒಳ್ಳೆಯ ಸರ್ಜರಿ ಸೆಂಟರುಗಳೂ ಬ್ಲಾಕ್‌ನಲ್ಲಿ ಬಹಳ ಪಳಗಿರುತ್ತವೆ, ಯಾಕಂದರೆ ಅವರಿಗೆ ರೋಗಿಯನ್ನು ಸಂಜೆಯೊಳಗೆ ಮನೆಗೆ ಕಳಿಸಲೇಬೇಕು.

ವೆಬ್‌ಸೈಟಿನಲ್ಲಿ "ಓಪಿಯಾಯ್ಡ್ ಫ್ರೀ ಸರ್ಜರಿ" ಅಂತ ದೊಡ್ಡ ಬ್ಯಾನರ್ ಹಾಕಿದವರನ್ನು ಸುಮ್ನೆ ನಂಬಬೇಡಿ, ಸುಮ್ನೆ ತಳ್ಳಲೂ ಬೇಡಿ. ಕೇಳಿ ನೋಡಿ.

ಏನು ಕೇಳಬೇಕು, ಉತ್ತರ ಹೇಗಿದ್ದರೆ ಒಳ್ಳೆಯದು

"ನನ್ನಂಥ ಆಪರೇಷನ್ ಆದವರಿಗೆ ಮನೆಗೆ ಎಷ್ಟು ಓಪಿಯಾಯ್ಡ್ ಮಾತ್ರೆ ಬರೆದುಕೊಡುತ್ತೀರಿ?" ಇದು ನನ್ನ ಮೊದಲ ಪ್ರಶ್ನೆ. ಒಬ್ಬ ಸರ್ಜನ್ ಆಫೀಸಿನಲ್ಲಿ "40, ಎಲ್ಲರಿಗೂ ಅಷ್ಟೇ" ಅಂದರು. ಎಲ್ಲರಿಗೂ ಅಷ್ಟೇ ಅಂದರೆ ಯಾರ ಬಗ್ಗೆಯೂ ಯೋಚಿಸಿಲ್ಲ ಅಂತ. ಅಲ್ಲಿಂದ ಮುಂದಕ್ಕೆ ಹೋದೆ. ಇನ್ನೊಬ್ಬರ ಸಹಾಯಕಿ "ಕೆಲವರಿಗೆ ಒಂದೂ ಬೇಕಾಗಲ್ಲ, ಬೇಕು ಅಂದವರಿಗೆ ಐದಾರು ಕೊಡ್ತೀವಿ, ಸಾಲದಿದ್ದರೆ ಫೋನ್ ಮಾಡಿ" ಅಂದರು. ಅವರನ್ನೇ ಆರಿಸಿದೆ. ಮಿಷಿಗನ್ನಿನ ಓಪನ್ ಅನ್ನುವ ಸಂಸ್ಥೆ ಆಪರೇಷನ್ ಪ್ರಕಾರ ಎಷ್ಟು ಮಾತ್ರೆ ಸಾಕು ಅಂತ ಪಟ್ಟಿ ಹಾಕಿದೆ. ಬಹಳಷ್ಟು ಸಾಲುಗಳು ಸೊನ್ನೆಯಿಂದಲೇ ಶುರುವಾಗುತ್ತವೆ. ದುರ್ಬೀನು ಹಾಕಿ ಪಿತ್ತಕೋಶ ತೆಗೆಯೋದಕ್ಕೆ ಸೊನ್ನೆಯಿಂದ 10. ನನಗೆ ಕೊಟ್ಟಿದ್ದು 30 ಅನ್ನೋದು ನೆನಪಿರಲಿ.

ಎರಡನೆಯದು: "ಬ್ಲಾಕ್ ಹಿಡಿಯದಿದ್ದರೆ ಏನು ಮಾಡುತ್ತೀರಿ?" ಒಳ್ಳೆಯ ತಂಡ ಈ ಪ್ರಶ್ನೆಗೆ ಮುಖ ಗಂಟು ಹಾಕುವುದಿಲ್ಲ. ಮತ್ತೆ ಕೊಡುತ್ತೇವೆ, ಇಲ್ಲ ಇಂಥ ಔಷಧ ಕೊಡುತ್ತೇವೆ ಅಂತ ಕ್ರಮವಾಗಿ ಹೇಳುತ್ತದೆ. "ಹಾಗೆಲ್ಲ ಆಗಲ್ಲ ಬಿಡಿ" ಅಂದರೆ ಅನುಮಾನ ಪಡಿ. ಯಾವ ಓಪಿಯಾಯ್ಡೂ ಯಾವ ಸಂದರ್ಭದಲ್ಲೂ ಬೇಕಾಗುವುದಿಲ್ಲ ಅಂತ ಯಾರಾದರೂ ಮಾತು ಕೊಟ್ಟರೆ ಅದೂ ಅನುಮಾನಕ್ಕೆ ಕಾರಣವೇ.

ಮೂರನೆಯದು ಅಪಾಯಗಳು. ಭುಜದ ಬ್ಲಾಕ್ ಕೊಟ್ಟಾಗ ಆ ಬದಿಯ ವಪೆ, ಅಂದರೆ ಉಸಿರಾಟದ ದೊಡ್ಡ ಸ್ನಾಯು, ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಬಹುದು. ಆರೋಗ್ಯವಂತರಿಗೆ ಸ್ವಲ್ಪ ಉಸಿರು ಕಟ್ಟಿದ ಹಾಗೆ ಅನಿಸಿ ಹೋಗುತ್ತದೆ. ಆಸ್ತಮಾ, ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಇದು ಚಿಕ್ಕ ವಿಷಯ ಅಲ್ಲ, ಅವರಿಗೆ ಬೇರೆ ಜಾಗದ ಬ್ಲಾಕ್ ಆರಿಸಬೇಕಾಗಬಹುದು. ನನಗೆ ಕಣ್ಣಿನ ರೆಪ್ಪೆ ಜೋತುಬಿದ್ದು ದನಿ ಒಡೆದಿತ್ತು. ಮೊದಲೇ ಹೇಳಿದ್ದರು, ಹಾಗಾಗಿ ಪಾರ್ಶ್ವವಾಯು ಹೊಡೆಯಿತು ಅಂತ ಮನೆಯವರು ಕಿರುಚಲಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಸ್ಪೈನಲ್, ಆಳದ ಬ್ಲಾಕ್‌ಗಳು ಆಗದಿರಬಹುದು, ಅದನ್ನು ಮರೆಯದೆ ಹೇಳಿ.

ನಾಲ್ಕನೆಯದು: "ಐಬುಪ್ರೊಫೆನ್ ಜಾತಿಯ ಮಾತ್ರೆ ನನಗೆ ಆಗುತ್ತಾ?" ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸ್ವಲ್ಪ ಸೋತವರು, ಹೊಟ್ಟೆ ಹುಣ್ಣು ಇದ್ದವರು, ಹೃದಯದ ತೊಂದರೆ ಇರುವವರು ನಮ್ಮಲ್ಲಿ ಎಷ್ಟು ಜನ! ಅವರಿಗೆ ಇದು ಓಪಿಯಾಯ್ಡ್‌ಗಿಂತ ದೊಡ್ಡ ಪೆಟ್ಟು ಕೊಡಬಹುದು. ಮೂಳೆ, ಸ್ನಾಯುರಜ್ಜು ಕೂಡಿಸಿದ ಆಪರೇಷನ್ ಆದರೆ ಕೆಲವು ಸರ್ಜನ್ನರು ಇದನ್ನು ಹೆಚ್ಚು ದಿನ ಬೇಡ ಅನ್ನುತ್ತಾರೆ. ನನ್ನ ಸರ್ಜನ್ ಮೂರು ದಿನ ಮಾತ್ರ ಅಂದರು.

ಕೊನೆಯದು: ರಾತ್ರಿ ಎರಡು ಗಂಟೆಗೆ ನೋವು ತಡೆಯದಿದ್ದರೆ ಯಾವ ನಂಬರಿಗೆ ಫೋನ್ ಮಾಡಲಿ, ಎತ್ತುವವರು ಯಾರು? ಉತ್ತರವನ್ನು ಫ್ರಿಜ್ ಮೇಲೆ ಅಂಟಿಸಿ.

ಬಾಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಪೋರ್ಟಲಿನಲ್ಲಿ ಒಂದು ಸಂದೇಶ ಹಾಕಿ. ಹಿಂದಿನ ಸಲ ಓಪಿಯಾಯ್ಡ್‌ನಿಂದ ಹೀಗೆ ಹೀಗೆ ಆಯಿತು, ಈ ಸಲ ಬ್ಲಾಕ್ ಮತ್ತು ಬೇರೆ ಔಷಧಗಳಿಂದ ನೋವು ನೋಡಿಕೊಳ್ಳುವ ಯೋಜನೆ ಬೇಕು, ಇದನ್ನು ನನ್ನ ದಾಖಲೆಯಲ್ಲಿ ಬರೆದು ಅನಸ್ತೇಷಿಯಾ ತಂಡಕ್ಕೂ ತಿಳಿಸಿ, ಅಷ್ಟು ಸಾಕು. ವಾಂತಿ ಆದದ್ದನ್ನು ಅಲರ್ಜಿ ಅಂತ ಬರೆಸಬೇಡಿ, ಅದು ಅಡ್ಡ ಪರಿಣಾಮ. ಸುಳ್ಳು ಅಲರ್ಜಿ ದಾಖಲೆಗೆ ಸೇರಿದರೆ ಮುಂದೆ ನಿಜವಾಗಿ ಬೇಕಾದಾಗ ಕಷ್ಟ. ಮ್ಯಾಸಚೂಸೆಟ್ಸ್, ಮಿಷಿಗನ್, ಪೆನ್ಸಿಲ್ವೇನಿಯದಂಥ ಕೆಲವು ರಾಜ್ಯಗಳಲ್ಲಿ ನನಗೆ ಓಪಿಯಾಯ್ಡ್ ಬೇಡ ಅಂತ ಬರೆದುಕೊಡುವ ಸರ್ಕಾರಿ ಫಾರ್ಮೇ ಇದೆ. ಚಟದಿಂದ ಹೊರಬಂದವರಿಗೆ ಇದು ಬಹಳ ಉಪಯೋಗ. ಮನಸ್ಸು ಬದಲಾದರೆ ವಾಪಸ್ ತಗೋಬಹುದು.

ಅಪ್ಪ ಅಮ್ಮನಿಗೆ ಆಪರೇಷನ್ ಆದರೆ ನೀವೇ ದುಭಾಷಿ ಆಗಬೇಡಿ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಪುಕ್ಕಟೆ ದುಭಾಷಿ ಕೊಡಲೇಬೇಕು. ಕನ್ನಡ ಅಂತ ಕೇಳಿ, ಫೋನಿನಲ್ಲಿ ಕೊಡುತ್ತಾರೆ. ಹಿಂದಿ ಸಾಕಲ್ವಾ ಅಂದರೆ ಸಾಲದು ಅನ್ನಿ. ಚಳುಕು, ಸೆಳೆತ, ಉರಿ, ಸಿಡಿತ ಇವೆಲ್ಲ ಬೇರೆ ಬೇರೆ ನೋವು. ಒಂದರಿಂದ ಹತ್ತರವರೆಗೆ ನಂಬರ್ ಹೇಳಿ ಅಂದರೆ ನಮ್ಮಮ್ಮ "ಪರವಾಗಿಲ್ಲ" ಅನ್ನುತ್ತಾರೆ, ಎಂಟು ಇದ್ದರೂ.

ದುಡ್ಡಿನ ಮಾತು

ಆಸ್ಪತ್ರೆ ಇನ್ಶೂರೆನ್ಸ್ ಕಂಪನಿಯ ನೆಟ್‌ವರ್ಕಿನಲ್ಲಿದೆ, ಅನಸ್ತೇಷಿಯಾ ಗುಂಪು ಇಲ್ಲ ಅನ್ನುವ ಹಳೇ ಗೋಳು 2022ರ ಜನವರಿಯಿಂದ ಬಹಳಷ್ಟು ಕಡಿಮೆ ಆಗಿದೆ. ನೋ ಸರ್ಪ್ರೈಸಸ್ ಆಕ್ಟ್ ಪ್ರಕಾರ ನೆಟ್‌ವರ್ಕಿನ ಆಸ್ಪತ್ರೆಯಲ್ಲಿ ಹೊರಗಿನ ಅನಸ್ತೇಷಿಯಾ ಡಾಕ್ಟರ್ ಬಂದರೂ ಮಿಕ್ಕ ದುಡ್ಡಿನ ಬಿಲ್ಲು ನಿಮಗೆ ಕಳಿಸುವ ಹಾಗಿಲ್ಲ. ಆದರೂ ಬ್ಲಾಕ್‌ಗೆ ಬೇರೆ ಬಿಲ್ಲು ಬರುತ್ತಾ, ಇನ್ಶೂರೆನ್ಸ್ ಒಪ್ಪಿಗೆ ಬೇಕಾ ಅಂತ ಮುಂಚೆ ಕೇಳಿ. ಪಂಪು ಕಟ್ಟಿಸಿಕೊಳ್ಳುವವರು ವಿಶೇಷವಾಗಿ ಕೇಳಿ.

ಮೆಡಿಕೇರ್, ಅಂದರೆ ಹಿರಿಯರ ಸರ್ಕಾರಿ ಇನ್ಶೂರೆನ್ಸ್, ಇರುವವರಿಗೆ ನೋಪೇನ್ ಆಕ್ಟ್ ಅಂತ ಒಂದು ಕಾನೂನು ಇದೆ. 2025ರ ಜನವರಿಯಿಂದ 2027ರ ಕೊನೆವರೆಗೆ, ಅದೇ ದಿನ ಮನೆಗೆ ಕಳಿಸುವ ಆಪರೇಷನ್‌ಗಳಲ್ಲಿ ಬಳಸುವ ಕೆಲವು ಓಪಿಯಾಯ್ಡ್ ಅಲ್ಲದ ಔಷಧ, ಸಾಧನಗಳಿಗೆ ಮೆಡಿಕೇರ್ ಪ್ರತ್ಯೇಕವಾಗಿ ದುಡ್ಡು ಕೊಡುತ್ತದೆ. ಮೊದಲು ಎಲ್ಲ ಒಂದೇ ಗಂಟಿನಲ್ಲಿ ಬರುತ್ತಿದ್ದರಿಂದ ಆಸ್ಪತ್ರೆಗೆ ಅಗ್ಗದ ಮಾತ್ರೆ ಕೊಟ್ಟು ಕಳಿಸೋದೇ ಲಾಭ ಆಗಿತ್ತು.

ಹೊಸ ಮಾತ್ರೆ ಒಂದಿದೆ, ಸುಜೆಟ್ರಿಜೀನ್, ಅಂಗಡಿ ಹೆಸರು ಜರ್ನಾವಿಕ್ಸ್. ಎಫ್‌ಡಿಎ ಒಪ್ಪಿದ್ದು 2025ರ ಜನವರಿ 30ರಂದು. ಮೆದುಳಿನ ತನಕ ಹೋಗದೆ, ನೋವಿನ ಸುದ್ದಿ ಒಯ್ಯುವ ನರದಲ್ಲೇ ಸೋಡಿಯಂ ಬಾಗಿಲೊಂದನ್ನು ಮುಚ್ಚುತ್ತದೆ. ಚೆನ್ನಾಗಿದೆ, ಆದರೆ ಅತಿ ಆಸೆ ಬೇಡ. ಹೊಟ್ಟೆಯ ಮತ್ತು ಕಾಲ್ಬೆರಳಿನ ಆಪರೇಷನ್ ಆದವರ ಮೇಲೆ ಪರೀಕ್ಷೆ ಮಾಡಿದಾಗ ಹುಸಿ ಮಾತ್ರೆಗಿಂತ ಮೇಲು ಅಂತ ಬಂತು, ಹೈಡ್ರೊಕೊಡೋನ್ ಮಿಶ್ರಣಕ್ಕಿಂತ ಮೇಲು ಅಂತ ಬರಲಿಲ್ಲ. ಒಂದು ಮಾತ್ರೆಗೆ ಕಂಪನಿ ಇಟ್ಟ ಬೆಲೆ ಹದಿನೈದೂವರೆ ಡಾಲರ್. ಇದನ್ನು ತಗೊಳ್ಳುವಾಗ ಗ್ರೇಪ್‌ಫ್ರೂಟ್ ತಿನ್ನಬಾರದು. ಅದು ದ್ರಾಕ್ಷಿ ಅಲ್ಲ, ನಮ್ಮ ಚಕ್ಕೋತದ ಹತ್ತಿರದ ನೆಂಟ, ಚಕ್ಕೋತವನ್ನೂ ಬಿಟ್ಟುಬಿಡಿ. ಕೆಲವು ಫಂಗಸ್ ಮಾತ್ರೆ, ಆಂಟಿಬಯೋಟಿಕ್ ಜೊತೆಗೂ ಆಗುವುದಿಲ್ಲ. ಬರ್ತ್ ಕಂಟ್ರೋಲ್ ಮಾತ್ರೆ ತಗೊಳ್ಳುವವರು ಫಾರ್ಮಸಿಸ್ಟ್ ಹತ್ತಿರ ಕೇಳಿಯೇ ತಗೊಳ್ಳಿ.

ಮನೆಗೆ ಬಂದ ಮೇಲಿನ ಮೊದಲ ರಾತ್ರಿ

ಹೆಚ್ಚಿನವರು ಎಡವುವುದು ಇಲ್ಲೇ. ಬ್ಲಾಕ್ ಇರುವಾಗ ಕೈ ನಿಮ್ಮದೇ ಅಲ್ಲ ಅನಿಸುತ್ತದೆ, ಚೂರೂ ನೋವಿಲ್ಲ. ಆಹಾ ಅಂತ ಮಾತ್ರೆ ನುಂಗದೆ ಮಲಗಿದರೆ ಮಧ್ಯರಾತ್ರಿ ಬ್ಲಾಕ್ ಇಳಿದು, ನೋವು ಕಟ್ಟೆ ಒಡೆದ ಹಾಗೆ ಬರುತ್ತದೆ. ಹಾಗಾಗಿ ನೋವು ಇಲ್ಲದಿದ್ದರೂ ಮಾತ್ರೆ ಶುರುಮಾಡಿರಬೇಕು. ನನ್ನ ಡಾಕ್ಟರ್ ಹಾಕಿಕೊಟ್ಟ ಪಟ್ಟಿ ಹೀಗಿತ್ತು: ಬೆಳಗ್ಗೆ 8, ಮಧ್ಯಾಹ್ನ 2, ರಾತ್ರಿ 8ಕ್ಕೆ ಟೈಲೆನಾಲ್ 1000 ಮಿಲಿಗ್ರಾಂ. 11, 5, ಮತ್ತೆ ರಾತ್ರಿ 11ಕ್ಕೆ ಐಬುಪ್ರೊಫೆನ್ 600, ಮೊಸರನ್ನ ತಿಂದ ಮೇಲೆ. ನಿಮ್ಮ ಪಟ್ಟಿ ಬೇರೆ ಇರುತ್ತದೆ, ಇದನ್ನು ಹಾಗೇ ನಕಲು ಮಾಡಬೇಡಿ. ಟೈಲೆನಾಲ್ ದಿನಕ್ಕೆ 4000 ದಾಟಲೇಬಾರದು, ಮನೆಯಲ್ಲಿ 3000ಕ್ಕೇ ನಿಲ್ಲಿಸಿ ಅನ್ನುವ ಡಾಕ್ಟರುಗಳೇ ಹೆಚ್ಚು. ಶೀತದ ಸಿರಪ್ಪುಗಳಲ್ಲೂ ಅದು ಇರುತ್ತದೆ.

ಜೋಮು ಹಿಡಿದ ಕೈಗೆ ಬಿಸಿ ಕಾಫಿ ಲೋಟ ಕೊಡಬೇಡಿ, ಸುಟ್ಟರೂ ಗೊತ್ತಾಗಲ್ಲ. ಕಾಲಿಗೆ ಬ್ಲಾಕ್ ಆಗಿದ್ದರೆ ಒಬ್ಬರೇ ಬಾತ್‌ರೂಮಿಗೆ ಹೋಗಬೇಡಿ. ಐಸ್ ಪ್ಯಾಕ್ ಬಟ್ಟೆ ಸುತ್ತಿ ಇಡಿ. ಉಸಿರು ಹೆಚ್ಚು ಕಟ್ಟಿದರೆ, ಎದೆ ನೋವು ಬಂದರೆ, ಬ್ಲಾಕ್ ಇಳಿಯಬೇಕಾದ ಹೊತ್ತು ಕಳೆದು ಬಹಳ ಹೊತ್ತಾದರೂ ಜೋಮು ಹೋಗದಿದ್ದರೆ ಕಾಯಬೇಡಿ, ಫೋನ್ ಮಾಡಿ, 911 ಬೇಕಾದರೆ 911.

ನನಗೂ ಎರಡನೇ ರಾತ್ರಿ ಮೂರು ಗಂಟೆಗೆ ತಡೆಯೋಕಾಗಲಿಲ್ಲ. ಕೊಟ್ಟಿದ್ದ ಆರರಲ್ಲಿ ಒಂದು ಆಕ್ಸಿಕೊಡೋನ್ ನುಂಗಿದೆ, ಮಲಗಿದೆ, ಬೆಳಗ್ಗೆ ಹೊಟ್ಟೆ ಸ್ವಲ್ಪ ತೊಳಸಿತು, ಅಷ್ಟೇ. ಸೋತೆ ಅಂತ ಅನಿಸಲಿಲ್ಲ. ಚಟದಿಂದ ಹೊರಬಂದವರು ಈ ಕಡೆಯ ದಾರಿಯನ್ನು ಬೇರೆ ರೀತಿ ಕಟ್ಟಿಕೊಳ್ಳಬೇಕು: ಪಂಪು, ಆಸ್ಪತ್ರೆಯಲ್ಲೇ ಒಂದು ರಾತ್ರಿ, ಮಾತ್ರೆ ಕೊಡಲೇಬೇಕಾದರೆ ಅದು ಬೇರೆಯವರ ಕೈಯಲ್ಲಿ ಬೀಗದೊಳಗೆ. ಮನೆಯಲ್ಲಿ ಓಪಿಯಾಯ್ಡ್ ಇದ್ದಷ್ಟು ದಿನ ಎಲ್ಲರೂ ಒಂದು ನಾರ್ಕಾನ್ ಸ್ಪ್ರೇ, ಅಂದರೆ ಓಪಿಯಾಯ್ಡ್ ಅತಿಯಾಗಿ ಉಸಿರು ನಿಲ್ಲುವಂತಾದಾಗ ಮೂಗಿಗೆ ಹೊಡೆಯುವ ಮದ್ದು, ತಂದಿಟ್ಟುಕೊಳ್ಳಿ. 2023ರಿಂದ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುತ್ತದೆ.

ಹತ್ತನೇ ದಿನ ಹೊಲಿಗೆ ತೆಗೆಸಿಕೊಂಡು ಬರುವಾಗ ದಾರಿಯಲ್ಲಿ ಫಾರ್ಮಸಿಗೆ ಹೋದೆವು. ಒಳಗೆ ಅಂಚೆ ಡಬ್ಬಿಯ ಹಾಗೆ ಒಂದು ಪೆಟ್ಟಿಗೆ ಇರುತ್ತದೆ, ಉಳಿದ ಮಾತ್ರೆ ಹಾಕೋದಕ್ಕೆ. ನಿಮ್ಮ ಫಾರ್ಮಸಿಯಲ್ಲಿ ಇಲ್ಲದಿದ್ದರೆ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಊರೂರಲ್ಲಿ ವಾಪಸ್ ತಗೊಳ್ಳುವ ದಿನ ಮಾಡುತ್ತಾರೆ. ನನ್ನ ಕೈ ಜೋಳಿಗೆಯಲ್ಲಿತ್ತು, ಹಾಗಾಗಿ ಮಗನೇ ಹಾಕಿದ. ಈ ಸಲದ್ದು 5, ಬಾತ್‌ರೂಮ್ ಕಪಾಟಿನದ್ದು 26. ಹಾಕುವ ಮುಂಚೆ ಹಳೇ ಬಾಟಲಿಯನ್ನು ಎಣಿಸಿಯೇ ತಂದಿದ್ದೆ.